ಎರಡು ಮೃಗಗಳಿಗೆ ಒಂದು ಕೋವಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಪರ್ವತಪ್ರಾಂತದಲ್ಲಿ, ಎಂದರೆ ಕಾಲೊರಾಡೊ, ವಯೋಮಿಂಗ್, ಮೊಂಟಾನಾ, ಐಡಹೊ ಮೊದಲಾದ ರಾಜ್ಯಗಳಲ್ಲಿ, ಶರತ್ಕಾಲದ ಬೇಟೆಯ ಋತುವು ಸಮೀಪಿಸಿದಂತೆಲ್ಲ ಬೇಟೆಗಾರರ ನಡುವೆ ತಪ್ಪದೆ ತಲೆಯೆತ್ತುವ ವಾದವೊಂದುಂಟು: ಜಿಂಕೆಗೂ ಎಲ್ಕಿಗೂ ಸಮನಾಗಿ ಸಲ್ಲತಕ್ಕ ರೈಫಲು ಇರುವುದು ಸಾಧ್ಯವೆ, ಸಾಧ್ಯವಾದರೆ ಅದು ಯಾವುದು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆಯೆಂಬುದು ನೆನಪಿನ ವಸ್ತುವಾಗಿರುವ ನಮ್ಮ ನಾಡಿನ ಓದುಗನಿಗೆ ಈ ಪ್ರಶ್ನೆ ಪರಕೀಯವೆಂದು ತೋರಬಹುದು. ಆದರೆ ಸೊಪ್ಪಿಗೂ ಹಲಸಿಗೂ ಒಂದೇ ಈಳಿಗೆಮಣೆ ಸಾಕೆಂದುಕೊಂಡ ಗೃಹಿಣಿಗೆ ಇದರ ಒಳಮರ್ಮ ತಿಳಿಯದಿರುವುದಿಲ್ಲ.

ಎಲ್ಕ್ ನಮ್ಮ ಕಾಶ್ಮೀರದ ಹಂಗುಲಿಗೆ ಹತ್ತಿರದ ಬಂಧು. ಗಾತ್ರದಲ್ಲಿ ಸಾಮಾನ್ಯವಾಗಿ ನಮ್ಮ ಕಡವೆಗಿಂತಲೂ ಮಿಗಿಲು. ರಾಕಿ ಪರ್ವತಗಳ ಬೆಳೆದ ಗಂಡು ಎಲ್ಕ್ 300 ಕಿಲೋಗ್ರಾಮಿನಷ್ಟು ತೂಗುತ್ತದೆ. ಅದೇ ಇಳಿಜಾರಿನಲ್ಲಿ ಮೇಯುವ ಮ್ಯೂಲ್ ಡಿಯರ್ ಜಾತಿಯ ಗಂಡಾದರೋ 100 ಕಿಲೋಗ್ರಾಮಿನ ಆಚೀಚೆ. ಮೂರು ಪಟ್ಟಿನ ಈ ಅಂತರ, ಅದರೊಡನೆ ಎಲ್ಕಿನ ದಪ್ಪ ತೊಗಲು, ಭುಜದ ಭಾರವಾದ ಎಲುಬು, ಶ್ವಾಸಕೋಶ ಭೇದಿಸಲ್ಪಟ್ಟ ಮೇಲೆಯೂ ಕಣಿವೆಯೊಂದನ್ನು ದಾಟಿಹೋಗಬಲ್ಲ ಅದರ ಜೀವಬಲ, ಇವುಗಳಿಂದ ವಾದವು ಹುಟ್ಟಿತು.

ಈ ವಾದಕ್ಕೆ ಶಾಸ್ತ್ರದ ಘನತೆಯನ್ನೂ ಜಗಳದ ಖಾರವನ್ನೂ ಏಕಕಾಲದಲ್ಲಿ ತಂದುಕೊಟ್ಟವರು ಇಬ್ಬರು ಲೇಖಕರು. ಜ್ಯಾಕ್ ಓಕಾನರ್ (1902–1978) ಅರಿಝೋನಾದಲ್ಲಿ ಹುಟ್ಟಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದು, ಕಾದಂಬರಿಗಳನ್ನೂ ಬರೆದು, ಬಳಿಕ 'ಔಟ್‌ಡೋರ್ ಲೈಫ್' ಪತ್ರಿಕೆಯ ಬಂದೂಕು ಅಂಕಣದಿಂದ ದಶಕಗಳ ಕಾಲ ದೇಶದ ಬೇಟೆಗಾರರಿಗೆ ಪಾಠ ಹೇಳಿದವನು. ಎಲ್ಮರ್ ಕೀತ್ (1899–1984) ದನಗಾಹಿಯಾಗಿ, ಬೇಟೆಯ ಮಾರ್ಗದರ್ಶಿಯಾಗಿ ಬೆಟ್ಟಗಳಲ್ಲಿ ಪಳಗಿದವನು. ಇಬ್ಬರೂ ಕೊನೆಗೆ ನೆಲಸಿದ್ದು ಐಡಹೊ ರಾಜ್ಯದಲ್ಲಿಯೇ ಎಂಬುದು ವಿಧಿಯ ವಿನೋದ. 1925ರಲ್ಲಿ ವಿಂಚೆಸ್ಟರ್ ಸಂಸ್ಥೆ ಹೊರತಂದ .270 ತೋಟಾವನ್ನು, ಅದರ 130 ಗ್ರೇನ್ ತೂಕದ ಸಣ್ಣ ಗುಂಡಿನ ತೀವ್ರವೇಗವನ್ನು, ಓಕಾನರ್ ತನ್ನ ಲೇಖನಿಯಿಂದ ಪಟ್ಟಕ್ಕೇರಿಸಿದನು. ಜಿಂಕೆಗೂ ಪರ್ವತಕುರಿಗೂ ಎಲ್ಕಿಗೂ ಅದೇ ಸಾಕೆಂದನು. ಕೀತನು ಇದನ್ನು ಕೇಳಿ ಕೆರಳಿ, ಎಲ್ಕಿಗೆ .33 ಅಂಗುಲದ ನಳಿಗೆಯೂ 250 ಗ್ರೇನಿನ ಗುಂಡೂ ಇಲ್ಲದವನು ಮೃಗವನ್ನು ಗಾಯಗೊಳಿಸಿ ಕಳೆದುಕೊಳ್ಳುವನೇ ಹೊರತು ಕೆಡವನೆಂದು ಪಟ್ಟುಹಿಡಿದನು.

ಇವರಲ್ಲಿ ಒಬ್ಬನು ನಿಜ, ಇನ್ನೊಬ್ಬನು ಸುಳ್ಳು ಎಂದು ತೀರ್ಪು ಕೊಡುವುದು ಸುಲಭ. ಆದರೆ ಇಬ್ಬರೂ ತಾವು ನಡೆದ ನೆಲವನ್ನೇ ಸಿದ್ಧಾಂತವಾಗಿ ಬರೆದರೆಂಬುದು ನನ್ನ ಎಣಿಕೆ. ಓಕಾನರನ ಕಣ್ಣು ಪಳಗಿದ್ದು ಅರಿಝೋನಾ ಮತ್ತು ಸೊನೋರಾಗಳ ಒಣಗಿದ, ಬಯಲಾದ ಗುಡ್ಡಗಳಲ್ಲಿ. ಅಲ್ಲಿ ಮೃಗವು ದೂರದಿಂದಲೇ ಕಾಣುವುದು, ಬೇಟೆಗಾರನು ಕುಳಿತು ಉಸಿರನ್ನು ಹದಗೊಳಿಸಿಕೊಂಡು ಅದರ ಪಕ್ಕೆಗೆ ಗುರಿಯಿಡುವುದಕ್ಕೆ ಅವಕಾಶವಿರುವುದು. ಕೀತನು ಕಂಡದ್ದು ಐಡಹೊ ಬೆಟ್ಟಗಳ ದಟ್ಟ ಮರಗಳ ಕತ್ತಲೆಯನ್ನು; ಅಲ್ಲಿ ಎಲ್ಕ್ ತೋರುವುದು ಕ್ಷಣಮಾತ್ರ, ಅದೂ ಅನೇಕ ವೇಳೆ ಓಡಿಹೋಗುವ ಬೆನ್ನಿನ ರೂಪದಲ್ಲಿ; ಹಿಂದಿನಿಂದ ಹೊಕ್ಕು ಎದೆಯವರೆಗೆ ಸೀಳಿಕೊಂಡು ಹೋಗಬಲ್ಲ ಭಾರದ ಗುಂಡನ್ನು ಅವನು ಬಯಸಿದ್ದರಲ್ಲಿ ಆಶ್ಚರ್ಯವಿಲ್ಲ. ಅಂಥ ಗುರಿಗೆ ಗುಂಡು ಹಾರಿಸದಿರುವ ಸಂಯಮವೂ ಒಂದು ಉತ್ತರವೆಂಬುದನ್ನು ಮಾತ್ರ ಅವನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇನ್ನೂ ಒಂದು ಮಾತು. .270ರ ಕೀರ್ತಿಯಲ್ಲಿ ಕ್ಷಿಪಣಿಶಾಸ್ತ್ರದ ಪಾಲೆಷ್ಟು, ಓಕಾನರನ ತಿಳಿಯಾದ, ಹಾಸ್ಯಮಿಶ್ರಿತವಾದ ಗದ್ಯದ ಪಾಲೆಷ್ಟು ಎಂದು ಸಾಹಿತ್ಯದ ವಿದ್ಯಾರ್ಥಿಯು ಶಂಕಿಸಿದರೆ ತಪ್ಪಿಲ್ಲ. ಕೀತನಿಗೆ ಅನುಭವವಿದ್ದಷ್ಟು ವಾಕ್ಯಸಂಯಮವಿರಲಿಲ್ಲ.

ಇಬ್ಬರ ಕಲಹಕ್ಕೂ ತಳಹದಿಯಾಗಿದ್ದ ಒಂದು ಸಂಗತಿಯನ್ನು ಇಂದಿನ ವಾದಿಗಳು ಮರೆಯುವುದುಂಟು. ಆ ಕಾಲದ ಗುಂಡುಗಳು ದುರ್ಬಲವಾಗಿದ್ದವು: ಸೀಸದ ತಿರುಳಿಗೆ ತೆಳುವಾದ ಲೋಹದ ಹೊದಿಕೆ, ವೇಗ ಹೆಚ್ಚಿದಂತೆ ಎಲುಬಿಗೆ ಬಡಿದೊಡನೆ ಒಡೆದು ಚೂರಾಗುವ ಗುಣ. 1946ರಲ್ಲಿ ಜಾನ್ ನೊಸ್ಲರ್ ಎಂಬವನು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ .300 ಮ್ಯಾಗ್ನಮ್ ರೈಫಲಿನಿಂದ ಮೂಸ್ ಮೃಗವೊಂದನ್ನು ಹೊಡೆದಾಗ, ಗುಂಡುಗಳು ಒಳಹೊಗದೆ ಮೇಲ್ಮೈಯಲ್ಲಿಯೇ ಸಿಡಿದುಹೋದುದನ್ನು ಕಂಡು, ಮನೆಗೆ ಮರಳಿ ಗುಂಡಿನ ರಚನೆಯನ್ನೇ ಬದಲಾಯಿಸಿದನು. ನಡುವೆ ಲೋಹದ ಅಡ್ಡಗೋಡೆಯನ್ನಿರಿಸಿ, ಮುಂಭಾಗವು ಅರಳಿ ಗಾಯವನ್ನು ಅಗಲಿಸುವಂತೆಯೂ ಹಿಂಭಾಗವು ಇಡಿಯಾಗಿ ಉಳಿದು ಆಳಕ್ಕೆ ನುಗ್ಗುವಂತೆಯೂ ಅವನು ನಿರ್ಮಿಸಿದ 'ಪಾರ್ಟಿಷನ್' ಗುಂಡು 1948ರಲ್ಲಿ ಮಾರುಕಟ್ಟೆಗೆ ಬಂದಿತು. ಅಂದಿನಿಂದ ಜಿಂಕೆಗೂ ಎಲ್ಕಿಗೂ ನಡುವಣ ಅಂತರವನ್ನು ತುಂಬುವ ಕೆಲಸ ನಳಿಗೆಯ ವ್ಯಾಸದಿಂದ ಗುಂಡಿನ ರಚನೆಗೆ ಬಹುಮಟ್ಟಿಗೆ ವರ್ಗವಾಯಿತೆಂದೇ ಹೇಳಬೇಕು. ರೈಫಲನ್ನು ಬದಲಿಸದೆ ಗುಂಡನ್ನು ಬದಲಿಸಿ ಎರಡು ಮೃಗಗಳನ್ನು ಎದುರಿಸುವ ಮಾರ್ಗವು ತೆರೆದಿರುವಾಗಲೂ, ಅಂಗಡಿಯ ಕಟ್ಟೆಯ ಮುಂದೆ ನಿಂತವನ ಕಣ್ಣು ಮಾತ್ರ ದೊಡ್ಡ ತೋಟಾದ ಕಡೆಗೇ ಹರಿಯುತ್ತದೆ.

ಹೀಗೆ ಹರಿಯುವ ಕಣ್ಣು ಸಾಮಾನ್ಯವಾಗಿ ಪೆನ್ಸಿಲ್ವೇನಿಯಾ, ಮಿಷಿಗನ್ ಮೊದಲಾದ ಪೂರ್ವದ ಕಾಡುಗಳ ಬೇಟೆಗಾರನದು. ಅವನು ವರ್ಷವರ್ಷವೂ ಹೊಡೆಯುವುದು ಬಿಳಿಬಾಲದ ಜಿಂಕೆಯನ್ನು; ಎಲ್ಕ್ ಅವನ ಬಾಳಿನಲ್ಲಿ ಒಮ್ಮೆಯೋ ಎರಡು ಬಾರಿಯೋ ಕೈಗೂಡುವ ಯಾತ್ರೆ. ಆ ಒಂದು ಯಾತ್ರೆಯ ಭಯದಿಂದ ಅವನು .300 ಮ್ಯಾಗ್ನಮನ್ನು ಕೊಳ್ಳುತ್ತಾನೆ. ಬಂದೂಕು ಒದೆಯುತ್ತದೆ, ಒದೆತಕ್ಕೆ ಅಂಜಿದ ಭುಜವು ಅಭ್ಯಾಸವನ್ನು ತಪ್ಪಿಸುತ್ತದೆ, ಗುಂಡು ಹಾರುವ ಮೊದಲೇ ಕಣ್ಣು ಮುಚ್ಚಿ ಬೆರಳು ಟ್ರಿಗರನ್ನು ಜಗ್ಗುತ್ತದೆ. ಹಾಗೆ ಜಗ್ಗಿ ಹೊಟ್ಟೆಗೆ ಬಡಿದ 180 ಗ್ರೇನಿನ ಮ್ಯಾಗ್ನಮ್ ಗುಂಡಿಗಿಂತ ಶ್ವಾಸಕೋಶವನ್ನು ಹೊಕ್ಕ 140 ಗ್ರೇನಿನ ಸೌಮ್ಯ ಗುಂಡು ಎಷ್ಟೋ ಮೇಲೆಂಬುದಕ್ಕೆ ಓಕಾನರನ ಮನೆಯಲ್ಲಿಯೇ ನಿದರ್ಶನವಿದ್ದಿತು: ಅವನ ಪತ್ನಿ ಎಲಿನರ್ 7 ಮಿಲಿಮೀಟರಿನ ಮೌಸರ್ ತೋಟಾದ ಹಗುರ ರೈಫಲಿನಿಂದ ದೊಡ್ಡ ದೊಡ್ಡ ಮೃಗಗಳನ್ನು ಕೆಡವಿದವಳು. ಚಂಪಾವತದ ನರಭಕ್ಷಕಿಯನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟನಿಗೆ ಬಹುಮಾನವಾಗಿ ಬಂದ ರಿಗ್ಬಿ ರೈಫಲು ಸಹ .275 ಎಂಬ ಹೆಸರಿನ ಮರೆಯಲ್ಲಿ ಅದೇ ತೋಟಾವನ್ನೇ ಹಾರಿಸುವಂಥದು.

ಹಾಗಾದರೆ ಯಾವುದನ್ನು ಆರಿಸತಕ್ಕದ್ದು? ನನ್ನ ಮತವು ಹಳತಿನ ಕಡೆಗೇ ವಾಲುತ್ತದೆ. 1906ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ರೂಪುಗೊಂಡ .30-06 ತೋಟಾ, ಮೌಸರ್ ಪರಂಪರೆಯ ಬೋಲ್ಟಿನ, ದೂರದರ್ಶಕವೂ ಸೇರಿ ಎಂಟು ಪೌಂಡುಗಳ ಸುಮಾರಿನ ಸರಳ ರೈಫಲಿನಲ್ಲಿ, ಎರಡು ಮೃಗಗಳಿಗೂ ಇಂದಿಗೂ ಸಲ್ಲುತ್ತದೆ. 180 ಗ್ರೇನ್, ಎಂದರೆ 11.7 ಗ್ರಾಮಿನ ಮೊನಚು ಗುಂಡನ್ನು ಅದು ಸೆಕೆಂಡಿಗೆ 2,700 ಅಡಿಗಳ ವೇಗದಲ್ಲಿ ಹೊರಡಿಸುತ್ತದೆ. 300 ಗಜಗಳಾಚೆಯೂ ಅದರಲ್ಲಿ 1,600 ಅಡಿ-ಪೌಂಡುಗಳಿಗೆ ಮಿಕ್ಕ ಶಕ್ತಿ ಉಳಿದಿರುವುದು. ಎಲ್ಕಿಗೆ 1,500 ಬೇಕೆಂಬುದು ಬೇಟೆಗಾರರ ಹಳೆಯ ವಾಡಿಕೆ. ಈ ವಾಡಿಕೆಯನ್ನು ನಾನು ಅತಿಯಾಗಿ ನಂಬುವವನಲ್ಲ, ಸಂಖ್ಯೆಯು ಮೃಗವನ್ನು ಕೊಲ್ಲುವುದಿಲ್ಲವಷ್ಟೆ. ಕಾಲೊರಾಡೊದ ಕಾನೂನಿಗೆ 100 ಗಜದಲ್ಲಿ 1,000 ಇದ್ದರೆ ಸಾಕು. .30-06ರ ಮೇಲ್ಮೆ ಇರುವುದು ಅದರ ಒದೆತವು ಅಭ್ಯಾಸದಿಂದ ಸಹ್ಯವಾಗುವುದರಲ್ಲಿ, ಮತ್ತು ಹಳ್ಳಿಯ ಅಂಗಡಿಯಲ್ಲಿಯೂ ಅದರ ತೋಟಾ ದೊರೆಯುವುದರಲ್ಲಿ. ಇದೂ ಹೆಚ್ಚೆನಿಸಿದ ಭುಜಕ್ಕೆ .270ಯೋ .308ಓ ಇದೆ. 2007ರ 6.5 ಕ್ರೀಡ್‌ಮೂರಿನ ಬಗ್ಗೆ ಎದ್ದಿರುವ ಉತ್ಸಾಹದಲ್ಲಿ ಸ್ವಲ್ಪ ಭಾಗ ಫ್ಯಾಷನ್ನು; ಜಿಂಕೆಗೆ ಅದು ಮುದ್ದಾದ ತೋಟಾ, ಎಲ್ಕಿನ ಮುಂದೆ ದೂರವನ್ನು ತಾನೇ ಮಿತಗೊಳಿಸಿಕೊಳ್ಳಬಲ್ಲವನಿಗೆ ಮಾತ್ರ ತಕ್ಕುದು.

ಒಂದೇ ರೈಫಲಿನ ಪಕ್ಷಕ್ಕೂ ದೋಷವಿಲ್ಲದಿಲ್ಲ. ಎಲ್ಕಿಗೆಂದು ಗಟ್ಟಿಯಾಗಿ ಕಟ್ಟಿದ ಗುಂಡು ಜಿಂಕೆಯ ತೆಳುವಾದ ಎದೆಯನ್ನು ಅರಳದೆಯೇ ದಾಟಿಹೋಗಬಹುದು. ಜಿಂಕೆಗೆಂದು ಆರಿಸಿದ ಮೆತ್ತನೆಯ ವೇಗದ ಗುಂಡು ಭುಜಕ್ಕೆ ಬಿದ್ದರೆ ಮಾಂಸವನ್ನೆಲ್ಲ ರಕ್ತಮಯಗೊಳಿಸಿ ಕೆಡಿಸುವುದು. 165 ಗ್ರೇನಿನ ಮಧ್ಯಮಮಾರ್ಗವು ಈ ಎರಡು ತೊಂದರೆಗಳನ್ನೂ ತಗ್ಗಿಸುವುದೇ ಹೊರತು ನಿವಾರಿಸುವುದಿಲ್ಲ. ಇದರ ಮೇಲೆ ಈಚಿನ ತೊಡಕೊಂದು ಕೂಡಿಕೊಂಡಿದೆ. ಬೇಟೆಗಾರನು ಬಿಟ್ಟುಹೋದ ಕರುಳಿನ ರಾಶಿಯಲ್ಲಿ ಅಡಗಿದ ಸೀಸದ ಚೂರುಗಳನ್ನು ನುಂಗಿ ಕಾಂಡೋರ್ ರಣಹದ್ದುಗಳು ವಿಷವೇರಿ ಸಾಯುತ್ತಿದ್ದುದರಿಂದ, ಕ್ಯಾಲಿಫೋರ್ನಿಯಾ ರಾಜ್ಯವು 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡುಗಳನ್ನು ಪೂರ್ಣವಾಗಿ ನಿಷೇಧಿಸಿತು. ತಾಮ್ರವು ಸೀಸಕ್ಕಿಂತ ಹಗುರ. ಅದೇ ತೂಕದ ತಾಮ್ರದ ಗುಂಡು ಉದ್ದವಾಗಿರುತ್ತದೆ, ಅರಳುವುದಕ್ಕೆ ಹೆಚ್ಚಿನ ವೇಗವನ್ನು ಬೇಡುತ್ತದೆ. ಆದಕಾರಣ .30-06ರಲ್ಲಿ 180ರಿಂದ 165ಕ್ಕೋ 150ಕ್ಕೋ ಇಳಿಯುವುದೇ ಯುಕ್ತವಾಗುವುದು. ಸೀಸಕ್ಕೆ ಹೊಂದಿಕೊಂಡಿದ್ದ ನಳಿಗೆಯು ತಾಮ್ರಕ್ಕೂ ಹಾಗೆಯೇ ಹೊಂದುವುದೆಂಬ ಭರವಸೆ ಇಲ್ಲದಿರುವುದರಿಂದ, ತಂದೆಯ ಕಾಲದ ರೈಫಲನ್ನು ಹಿಡಿದವನು ಸಹ ಋತುವಿಗೆ ಮುನ್ನ ಕಾಗದದ ಗುರಿಯ ಮುಂದೆ ಕುಳಿತು, ಮೂರು ನಾಲ್ಕು ಬಗೆಯ ತೋಟಾಗಳನ್ನು ಹಾರಿಸಿ ನೋಡಿ, ದೂರದರ್ಶಕವನ್ನು ಹೊಸದಾಗಿ ತಿದ್ದಿಕೊಳ್ಳಬೇಕಾಗಿದೆ.