ವೆಂಕಟಪ್ಪ ಚಿತ್ರಶಾಲೆ: ಗೋಡೆ ಯಾರದು?

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯದ ಮಗ್ಗುಲಲ್ಲೇ ವೆಂಕಟಪ್ಪ ಚಿತ್ರಶಾಲೆಯಿದೆ. ಕೆ. ವೆಂಕಟಪ್ಪನವರು (1886–1965) ಮೈಸೂರಿನ ಚಿತ್ರಗಾರ ಮನೆತನದವರು, ಅವನೀಂದ್ರನಾಥ ಠಾಕೂರರ ಶಿಷ್ಯರು, ವೀಣಾವಾದನದಲ್ಲಿಯೂ ಪರಿಣತರು. ಅವರ ಊಟಿಯ ಜಲವರ್ಣ ದೃಶ್ಯಗಳೂ ಉಬ್ಬುಶಿಲ್ಪಗಳೂ ಚಿತ್ರಶಾಲೆಯ ಮೂಲಧನ. ನಿತ್ಯದ ವಹಿವಾಟು ಮಾತ್ರ ಬೇರೆಯೇ ಆಗಿತ್ತು. ಹೆಸರು ಮಾಡದ ಯುವ ಕಲಾವಿದನೂ ಅಲ್ಪ ಬಾಡಿಗೆ ತೆತ್ತು ಅಲ್ಲಿ ತನ್ನ ಚಿತ್ರಗಳನ್ನು ತೂಗುಹಾಕಬಹುದಾಗಿತ್ತು. ಖಾಸಗಿ ಗ್ಯಾಲರಿಯಲ್ಲಿ ಚಿತ್ರ ಮಾರಾಟವಾದೀತೇ ಎಂಬುದೇ ಮೊದಲ ಪ್ರಶ್ನೆ. ವ್ಯಾಪಾರಕ್ಕೆ ಅದು ದೋಷವೂ ಅಲ್ಲ.

2015ರಲ್ಲಿ ಸರ್ಕಾರವು ಪ್ರವಾಸಿ ತಾಣಗಳ ದತ್ತು ಯೋಜನೆಯಡಿ ಈ ಚಿತ್ರಶಾಲೆಯ ಬಗ್ಗೆ ಖಾಸಗಿ ಪ್ರತಿಷ್ಠಾನವೊಂದರೊಡನೆ ಒಡಂಬಡಿಕೆ ಮಾಡಿಕೊಂಡಿತು. 2016ರಲ್ಲಿ ಕಲಾವಿದರು ಮಾನವ ಸರಪಳಿ ರಚಿಸಿದರು. ಕಲಾಪ್ರಯೋಗಗಳನ್ನೇ ಪ್ರತಿಭಟನೆಯ ರೂಪವಾಗಿಸಿದರು. ಕಟ್ಟಡವು ಸರ್ಕಾರದ ಕೈಯಲ್ಲಿ ಸೊರಗಿತ್ತೆಂಬುದು ಸುಳ್ಳಲ್ಲ. ಪ್ರತಿಭಟಿಸಿದವರು ಆ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಆಡಬೇಕಿತ್ತು. ಆದರೆ ಊರ ಕೆರೆಯ ಹೂಳೆತ್ತಿಸಿದವನಿಗೆ ನೀರು ಹಂಚುವ ಹಕ್ಕು ತಾನಾಗಿ ಬರುವುದಿಲ್ಲ. ಬಾಡಿಗೆ ಎಷ್ಟು, ಗೋಡೆ ಯಾರಿಗೆ, ಇಲ್ಲವೆನ್ನುವ ಅಧಿಕಾರ ಯಾರದು ಎಂಬುದನ್ನು ಕಲಾವಿದರೊಡನೆ ಕುಳಿತು ಮೊದಲೇ ಇತ್ಯರ್ಥಪಡಿಸದೆ ಸಹಿ ಹಾಕಿದ್ದು ಸರ್ಕಾರದ ಪ್ರಮಾದ. ಪರರ ಸ್ವತ್ತನ್ನು ಕಾಯುವವನು ಲೆಕ್ಕ ಒಪ್ಪಿಸಬೇಕಾದದ್ದು ಸ್ವತ್ತಿನ ಒಡೆಯರಿಗೆ. ಇಲ್ಲಿ ಒಡೆಯರು ಸಾರ್ವಜನಿಕರು.

ಹಸ್ತಾಂತರ ಕೈಗೂಡಲಿಲ್ಲ. ಸ್ವಂತ ಅಭಿರುಚಿಯಂತೆ ಕಲೆಯನ್ನು ಪೋಷಿಸಲು ನೇರವಾದ ದಾರಿ ಬೇರೆ ಇದ್ದೇ ಇತ್ತು: 2023ರಲ್ಲಿ ಅದೇ ರಸ್ತೆಯಲ್ಲಿ ಕಲೆ ಮತ್ತು ಛಾಯಾಗ್ರಹಣದ ಖಾಸಗಿ ವಸ್ತುಸಂಗ್ರಹಾಲಯವೊಂದು ತನ್ನದೇ ಕಟ್ಟಡದಲ್ಲಿ ಬಾಗಿಲು ತೆರೆಯಿತು.