‘ಟಾಕೀಸ್’ ಎಂಬ ಹೆಸರು ಮತ್ತು ಮೂಕಿಯ ಕಾಲ: ಎಲ್ಗಿನ್ ಚಿತ್ರಮಂದಿರದ ಚರಿತ್ರೆಯನ್ನು ಕುರಿತು

ಬೆಂಗಳೂರು ಶಿವಾಜಿನಗರದ ಎಲ್ಗಿನ್ ಟಾಕೀಸನ್ನು ಕುರಿತ ಬರಹಗಳು ಬಹುಮಟ್ಟಿಗೆ 1896 ಎಂಬ ಇಸವಿಯಿಂದ ಆರಂಭವಾಗುತ್ತವೆ. ದಕ್ಷಿಣ ಭಾರತದ ಅತಿ ಹಳೆಯ ಚಿತ್ರಮಂದಿರವೆಂಬ ಹಿರಿಮೆಗೂ ಆ ಇಸವಿಯೇ ಆಧಾರ. ಆದರೆ ಲೂಮಿಯೇರ್ ಸಹೋದರರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಮೊದಲು ಪ್ರದರ್ಶನಗೊಂಡದ್ದೇ 1896ರ ಜುಲೈ 7ರಂದು. ಆದ್ದರಿಂದ ಆ ಇಸವಿ ಕಟ್ಟಡದ ಹುಟ್ಟನ್ನು ಹೇಳೀತೇ ಹೊರತು ಚಿತ್ರಮಂದಿರದ ಹುಟ್ಟನ್ನಲ್ಲ. ಮೊದಲು ರಂಗಪ್ರದರ್ಶನಗಳ ಮನೆಯಾಗಿದ್ದು ಅನಂತರ ಮೂಕಿಚಿತ್ರಗಳತ್ತ ಹೊರಳಿತೆಂದು ಒಪ್ಪುವ ಬರಹಗಳೂ ಈ ಎರಡನ್ನು ಬೆರೆಸಿಬಿಡುತ್ತವೆ. ದೇವರ ಹುಟ್ಟನ್ನೂ ಗುಡಿಯ ಹುಟ್ಟನ್ನೂ ಒಂದಾಗಿಸುವ ಸ್ಥಳಪುರಾಣಗಳನ್ನು ಬಲ್ಲ ಜಾನಪದ ಸಂಶೋಧಕರಿಗೆ ಇದು ಅಪರಿಚಿತವೇನಲ್ಲ.

ಹೆಚ್ಚು ಗಮನಿಸಬೇಕಾದದ್ದು ಹೆಸರನ್ನು. ‘ಎಲ್ಗಿನ್’ ಎಂಬುದು 1894ರಿಂದ 1899ರವರೆಗೆ ವೈಸ್‌ರಾಯ್ ಆಗಿದ್ದವರನ್ನು ನೆನಪಿಸುತ್ತದೆ. ‘ಟಾಕೀಸ್’ ಎಂಬುದು 1931ರ ‘ಆಲಂ ಆರಾ’ದೊಂದಿಗೆ ಆರಂಭವಾದ ಮಾತಿನ ಚಿತ್ರಗಳ ಕಾಲದ್ದು. ಇವೆರಡರ ನಡುವಿನ ಮೂಕಿಯ ಅವಧಿಗೆ ಹೆಸರಿನಲ್ಲಿ ಎಡೆಯಿಲ್ಲ. ಇದು ಒಂದೇ ಕಟ್ಟಡದ ಮಾತೂ ಅಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಆಡುಮಾತಿನಲ್ಲಿ ಸಿನಿಮಾ ಮಂದಿರವೆಂದರೆ ‘ಟಾಕೀಸು’. ಹೀಗೆ ಜನಬಳಕೆಯ ಪದವೇ ಹಿಂದಿನ ಕಾಲವನ್ನು ಮರೆಯಿಸಿದೆ.

ಆ ಕಾಲವಾದರೂ ನಿಶ್ಶಬ್ದವಾಗಿರಲಿಲ್ಲ. ಮೂಕಿಚಿತ್ರಗಳಿಗೆ ವಾದ್ಯಮೇಳವಿರುತ್ತಿತ್ತು, ದಕ್ಷಿಣದ ಅನೇಕ ಕಡೆ ತೆರೆಯ ಮೇಲಿನ ಬರಹವನ್ನು ಓದಿ, ಕಥೆಯನ್ನು ದೇಶಭಾಷೆಯಲ್ಲಿ ಬಿಡಿಸಿ ಹೇಳುವ ನಿರೂಪಕರೂ ಇರುತ್ತಿದ್ದರು. ತೊಗಲುಬೊಂಬೆಯಾಟವನ್ನು ಕಂಡಿದ್ದ ಜನಕ್ಕೆ ಬೆಳಕು ಹಿಡಿದ ಪರದೆ ಹೊಸದಾಗಿರಲಿಲ್ಲ. ಅಲ್ಲಿ ಕಿಳ್ಳೇಕ್ಯಾತ ಕಲಾವಿದರು ಪರದೆಯ ಹಿಂದೆ ನಿಂತು ಎಲ್ಲ ಪಾತ್ರಗಳಿಗೂ ದನಿ ಕೊಡುತ್ತಿದ್ದರು. ಇಲ್ಲಿ ದನಿ ಪರದೆಯ ಮುಂದಕ್ಕೆ ಬಂದಿತು. ಈ ಸ್ಥಾನಪಲ್ಲಟವನ್ನು ಚಿತ್ರಮಂದಿರಗಳ ಚರಿತ್ರಕಾರರು ಕೇಳಿಸಿಕೊಂಡಂತಿಲ್ಲ. ಅವರ ಗಮನವೆಲ್ಲ ಮಾಲೀಕರು, ಯಂತ್ರಗಳು ಮತ್ತು ‘ಮೊದಲು’ ಎಂಬ ಪದವಿಯ ಕಡೆಗೆ.

ಎಲ್ಗಿನ್ ನಿಂತಿದ್ದ ದಂಡು ಪ್ರದೇಶ 1947ರವರೆಗೆ ಬ್ರಿಟಿಷರ ಆಡಳಿತದಲ್ಲಿತ್ತು. ಪೇಟೆಯೂ ಸುತ್ತಣ ತಾಲ್ಲೂಕುಗಳೂ ಮೈಸೂರು ಸಂಸ್ಥಾನದವು. ಗ್ರಾಮಾಂತರ ಜಿಲ್ಲೆ ಪ್ರತ್ಯೇಕಗೊಂಡದ್ದು 1986ರಲ್ಲಿ. ಕನ್ನಡ ಚಿತ್ರಚರಿತ್ರೆ ಮೊದಲು ನೆನೆಯುವುದು ಎಲ್ಗಿನ್ನನ್ನಲ್ಲ, 1934ರ ಮಾರ್ಚ್ 3ರಂದು ‘ಸತಿ ಸುಲೋಚನ’ ತೆರೆಕಂಡ ಪೇಟೆಯ ಪ್ಯಾರಾಮೌಂಟನ್ನು. ಮಾತು ಬಂದ ದಿನವೇ ಚರಿತ್ರೆಯ ಮೊದಲ ದಿನವೆಂಬ ನಂಬಿಕೆ ಇಲ್ಲಿಯೂ ಕೆಲಸಮಾಡಿದೆ. ಆದರೆ ಮಾತು, ಹಾಡುಗಳನ್ನೇ ಬಂಡವಾಳವಾಗಿಸಿಕೊಂಡ ರಂಗಭೂಮಿಯ ಗುಬ್ಬಿ ವೀರಣ್ಣನವರು ‘ಹರಿಮಾಯ’ ಎಂಬ ಮೂಕಿಚಿತ್ರವನ್ನು ನಿರ್ಮಿಸಿದ್ದು 1932ರಲ್ಲಿ, ‘ಆಲಂ ಆರಾ’ ಬಂದ ಮರುವರ್ಷ.