ಶಾಂತಿಸಭೆಯ ಮರುದಿನ

ಹಬ್ಬ-ಜಾತ್ರೆಗಳು ಸಮೀಪಿಸಿದಾಗ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಶಾಂತಿಸಭೆ ಕರೆಯುವುದು ವಾಡಿಕೆ. ಸಮುದಾಯಗಳ ಮುಖಂಡರು ಬರುತ್ತಾರೆ. ಭಾಷಣ, ಚಹಾ, ಛಾಯಾಚಿತ್ರಗಳಾದ ಮೇಲೆ ಚದುರುತ್ತಾರೆ. ಯಾರ ಕೈ ಕಲ್ಲೆತ್ತೀತೆಂದು ನಾವು ಅಂಜುತ್ತೇವೆಯೋ ಆ ಯುವಕರಿಗೆ ಮಾತ್ರ ಅಲ್ಲಿ ಕುರ್ಚಿಯಿರುವುದು ಅಪರೂಪ. ಯೇಸುಸಭೆಯ ಗುರು ಗ್ರೆಗರಿ ಬಾಯ್ಲ್ ಅವರು 2010ರಲ್ಲಿ ಪ್ರಕಟಿಸಿದ 'ಟ್ಯಾಟೂಸ್ ಆನ್ ದ ಹಾರ್ಟ್' (ಎದೆಯ ಮೇಲಿನ ಹಚ್ಚೆಗಳು) ಎಂಬ ಇಂಗ್ಲಿಷ್ ಕೃತಿಯನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಸಭೆಗಳು.

ಬಾಯ್ಲ್ ಅವರು 1986ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಡೊಲೋರೆಸ್ ಮಿಷನ್ ಧರ್ಮಕೇಂದ್ರದ ಗುರುಗಳಾದರು. ಮೆಕ್ಸಿಕೊ ಮೊದಲಾದ ನಾಡುಗಳಿಂದ ವಲಸೆ ಬಂದ ಬಡ ಲ್ಯಾಟಿನೊ ಕುಟುಂಬಗಳ ಆ ಕೇರಿಗಳಲ್ಲಿ ಎಂಟು ಗ್ಯಾಂಗ್‌ಗಳಿದ್ದವು. ಗುಂಡೇಟಿಗೆ ಬಲಿಯಾದ ನೂರಕ್ಕೂ ಹೆಚ್ಚು ಯುವಕರ ಅಂತ್ಯಕ್ರಿಯೆಯನ್ನು ಅವರು ನಡೆಸಬೇಕಾಯಿತು. ಶಾಲೆಗಳು ಹೊರದಬ್ಬಿದ ಹುಡುಗರ ಕಲಿಕೆಗಾಗಿ ಕನ್ಯಾಸ್ತ್ರೀಯರು ತಮ್ಮ ಮಠವನ್ನೇ ತೆರವು ಮಾಡಿಕೊಟ್ಟರು. 1988ರಲ್ಲಿ ಧರ್ಮಕೇಂದ್ರವು ಈ ಹುಡುಗರಿಗೆ ಉದ್ಯೋಗ ಹುಡುಕಲಾರಂಭಿಸಿತು; 1992ರಲ್ಲಿ ಬೇಕರಿ ತೆರೆಯಿತು. ನಿನ್ನೆಯವರೆಗೆ ವೈರಿಗಳಾಗಿದ್ದವರು ಅಲ್ಲಿ ಒಂದೇ ಹಿಟ್ಟನ್ನು ನಾದಿದರು. ಅದೇ ಇಂದಿನ 'ಹೋಮ್‌ಬಾಯ್ ಇಂಡಸ್ಟ್ರೀಸ್'.

ಕೃತಿಯ ಅತ್ಯಂತ ಪ್ರಾಮಾಣಿಕ ಭಾಗ ಲೇಖಕರ ತಪ್ಪೊಪ್ಪಿಗೆ. ಮೊದಮೊದಲು ಅವರೂ ಗ್ಯಾಂಗ್‌ಗಳ ನಡುವೆ ಓಡಾಡಿ ಒಪ್ಪಂದ ಮಾಡಿಸುತ್ತಿದ್ದರು. ಇದರಿಂದ ಗ್ಯಾಂಗ್‌ಗಳಿಗೇ ಮಾನ್ಯತೆ ದೊರೆತು ಅವು ಬಲಗೊಂಡವೆಂದು ತಿಳಿದಾಗ ಆ ದಾರಿಯನ್ನು ಬಿಟ್ಟರು. ಗುಂಪಿನೊಡನೆ ಸಂಧಾನವನ್ನಲ್ಲ, ಗುಂಪಿನಲ್ಲಿ ಕಳೆದುಹೋದ ಒಬ್ಬೊಬ್ಬ ಹುಡುಗನೊಡನೆ ಸಂಬಂಧವನ್ನು ಬೆಳೆಸಿದರು. ಯುವಕನನ್ನು 'ಆ ಜಾತಿಯವನು', 'ಆ ಓಣಿಯವನು' ಎಂದೇ ಗುರುತಿಸುವ ನಮ್ಮ ಶಾಂತಿಸಭೆಗಳು ಇದನ್ನು ಗಮನಿಸಬೇಕು.

ಆದರೆ ಕೃತಿಯ ಕೊರತೆಯನ್ನೂ ಹೇಳಲೇಬೇಕು. ಬಾಯ್ಲ್ ಉತ್ತಮ ಕಥೆಗಾರರು. ಪ್ರಬೋಧನೆಗಳಿಂದ ಹುಟ್ಟಿದ ಅವರ ಕಥೆಗಳು ನಗಿಸುತ್ತವೆ, ಅಳಿಸುತ್ತವೆ. ಕರುಣೆಗೆ ದೊರೆತ ಪುಟಗಳು ನ್ಯಾಯಕ್ಕೆ ದೊರೆತಿಲ್ಲ. ಅಲ್ಲಿ ಕಾದಾಡುವವರು ಬಹುಮಟ್ಟಿಗೆ ಸಮಾನ ದುಃಖಿಗಳು. ನಮ್ಮ ಹಳ್ಳಿಗಳಲ್ಲಿ ಹಾಗಲ್ಲ. ಪ್ರೀತಿಸಿದ್ದಕ್ಕೋ ತಲೆಯೆತ್ತಿ ನಡೆದದ್ದಕ್ಕೋ ದಲಿತ ಯುವಕನೊಬ್ಬ ಪೆಟ್ಟು ತಿಂದರೆ, ಹೊಡೆದವನೊಡನೆ ರೊಟ್ಟಿ ಹಂಚಿಕೊಳ್ಳೆಂದು ಅವನಿಗೆ ಮೊದಲು ಬೋಧಿಸುವುದು ಕರುಣೆಯಲ್ಲ. ನ್ಯಾಯವಿಲ್ಲದ ರಾಜಿ ಎರಡನೆಯ ಪೆಟ್ಟು.

2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲಿಯೇ ಅತಿ ಕಡಿಮೆ. ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗಳಿಗೆ ದುಡಿಯಲು ಹೋದಾಗ ಮಕ್ಕಳ ಓದು ನಡುವೆಯೇ ನಿಲ್ಲುತ್ತದೆ. 1841ರಲ್ಲಿ ಟ್ಯೂರಿನ್ ನಗರದಲ್ಲಿ ಸಂತ ಜಾನ್ ಬೋಸ್ಕೊ ಅವರು ಕಂಡದ್ದೂ ಹಳ್ಳಿಯಿಂದ ಕೂಲಿಗೆ ಬಂದ ಇಂಥ ಹುಡುಗರನ್ನೇ. ಆಟವಾಡಿಸಿ ಕಳುಹಿಸಿದ್ದರೆ ಅವರು ಸಂತರಾಗುತ್ತಿರಲಿಲ್ಲವೇನೋ. ಕೆಲಸ ಕಲಿಸುವ ಯಜಮಾನರಿಂದ ಹುಡುಗರ ಪರವಾಗಿ ಕರಾರುಪತ್ರಕ್ಕೆ ಸಹಿ ಹಾಕಿಸಿದರು. ಕರುಣೆ ಮತ್ತು ನ್ಯಾಯ ಅಲ್ಲಿ ಕೈಹಿಡಿದವು.

ನಮ್ಮ ನೆಲವೂ ಬರಡಲ್ಲ. ತಿಂಥಣಿಯ ಮೌನೇಶ್ವರನಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಈ ಭಾಗದ ಮೊಹರಂನಲ್ಲಿ ಹಲವು ಜಾತಿಗಳವರು ಒಂದೇ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಭಾಷಣ ಸಾಧಿಸದ ನೆರೆತನವನ್ನು ಕೂಡಿ ಮಾಡುವ ಕೆಲಸ ಸಾಧಿಸುತ್ತದೆಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು.

ನಾನೂ ಒಂದು ದಿನದ ಯುವಶಿಬಿರಗಳನ್ನು ನಡೆಸಿದ್ದೇನೆ, ಪ್ರಮಾಣಪತ್ರ ಹಂಚಿದ್ದೇನೆ. ಮರುದಿನ ಆ ಹುಡುಗ ಎಲ್ಲಿಗೆ ಹೋದನೆಂದು ಕೇಳಿದ್ದು ಕಡಿಮೆ. ಸಂತ ಲೂಕರ ಶುಭಸಂದೇಶದ ತಂದೆ, ಮಗ ದೂರದಲ್ಲಿರುವಾಗಲೇ ಓಡಿಹೋಗಿ ಅಪ್ಪಿಕೊಂಡನು. ಪ್ರಿಯ ಓದುಗರೇ, ನಿಮ್ಮ ಓಣಿಯಲ್ಲಿ ಶಾಲೆ ಬಿಟ್ಟ ಒಬ್ಬ ಹುಡುಗನ ಹೆಸರು ನಿಮಗೆ ಗೊತ್ತೇ? ಈ ಭಾನುವಾರದ ಪೂಜೆಯ ನಂತರ ಅವನ ಮನೆಗೆ ಹೋಗಿಬನ್ನಿ. ಶಾಂತಿಯ ಕೆಲಸ ಅಲ್ಲಿಂದ ಆರಂಭವಾಗಲಿ.